ಅಣ್ವಸ್ತ್ರದ ತಕ್ಕಡಿಗೆ ಎರಡು ಬಗೆಯ ಕಲ್ಲು

ಪರರಾಷ್ಟ್ರ ನೀತಿಯ ಮಾತು ಬಂದೊಡನೆ, ಅದು ದಿಲ್ಲಿಯ ದೊಡ್ಡವರ ಕೆಲಸ, ಗಿರಣಿಯಲ್ಲಿ ದುಡಿಯುವವನಿಗೂ ಗಂಜಿನಲ್ಲಿ ಅಂಗಡಿ ಇಟ್ಟವನಿಗೂ ಅದರ ಗೊಡವೆ ಏಕೆ ಎಂದು ಹೇಳುವವರು ನಮ್ಮಲ್ಲಿ ಬಹಳ ಇದ್ದಾರೆ. ಅಣುಬಾಂಬಿನ ವಿಷಯವಾದರಂತೂ ಇನ್ನೂ ದೂರದ್ದು ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪಕೂಡದು. ಏಕೆ ಕೂಡದೆಂಬುದಕ್ಕೆ ಒಂದು ಲೆಕ್ಕ ನೋಡೋಣ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಹೊರದೇಶದಿಂದ ಬರುತ್ತದೆ. 2019ರ ಮೇ ತಿಂಗಳವರೆಗೆ ಅದರಲ್ಲಿ ದೊಡ್ಡ ಪಾಲನ್ನು ಇರಾನ್ ದೇಶ ಕೊಡುತ್ತಿತ್ತು. ಅದು 60 ದಿನಗಳ ಉದ್ರಿ ಕೊಡುತ್ತಿತ್ತು. ನಮ್ಮ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಹಣ ತೆಗೆದುಕೊಂಡು, ಅದೇ ರೂಪಾಯಿಯಿಂದ ನಮ್ಮ ಅಕ್ಕಿ, ಚಹಾ ಕೊಳ್ಳುತ್ತಿತ್ತು. ಉದ್ರಿ ಕೊಡುವ ಸಾಹುಕಾರನಿಗೂ ರೊಕ್ಕ ಎಣಿಸಿದ ಮೇಲೆಯೇ ಮೂಟೆ ಇಳಿಸುವ ಸಾಹುಕಾರನಿಗೂ ಇರುವ ಅಂತರವೇನೆಂದು ಮನ್ನಳ್ಳಿಯಲ್ಲಿ ಕಿರಾಣಿ ಅಂಗಡಿ ನಡೆಸುವವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂಥ ವ್ಯಾಪಾರವನ್ನು ನಾವು 2019ರಲ್ಲಿ ನಿಲ್ಲಿಸಿದೆವು. ಇರಾನ್ ನಮ್ಮೊಡನೆ ಜಗಳಾಡಿತೇ? ಇಲ್ಲ. ವಿಶ್ವಸಂಸ್ಥೆ ಅಪ್ಪಣೆ ಮಾಡಿತೇ? ಅದೂ ಇಲ್ಲ. ಅಮೆರಿಕೆ ಒಂದೇ ಬೇಡವೆಂದಿತು, ನಾವು ತಲೆಬಾಗಿದೆವು. ಕಾರಣವೇನೆಂದರೆ ಇರಾನಿನ ಅಣುಶಕ್ತಿಯ ತಕರಾರು. ಹೀಗೆ ಅಣುಬಾಂಬಿನ ರಾಜಕಾರಣ ತಾನಾಗಿಯೇ ನಮ್ಮ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಿದೆ.

ಆದುದರಿಂದ ಪ್ರಶ್ನೆಯನ್ನು ನೇರವಾಗಿಯೇ ಕೇಳಿಕೊಳ್ಳೋಣ. ಹೊಸದೊಂದು ದೇಶ ಅಣುಬಾಂಬಿನ ಕಡೆಗೆ ಹೆಜ್ಜೆ ಇಟ್ಟರೆ ಉಳಿದ ದೇಶಗಳು ಏನು ಮಾಡಬೇಕು? ವ್ಯಾಪಾರ ಕಡಿದು ಹಸಿವಿನಿಂದ ಬಗ್ಗಿಸಬೇಕೇ? ವಿಮಾನ ಕಳಿಸಿ ಬಾಂಬು ಹಾಕಬೇಕೇ? ಎದುರು ಕೂತು ಮಾತನಾಡಬೇಕೇ? ಇವುಗಳಲ್ಲಿ ಭಾರತ ಯಾವುದರ ಪಕ್ಷ ಹಿಡಿಯಬೇಕು?

ಇದಕ್ಕೆ ಉತ್ತರ ಹೇಳುವ ಮೊದಲು ಮೂಲವನ್ನು ನೋಡಬೇಕು. 1968ರಲ್ಲಿ ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದ ಎಂಬುದು ಹುಟ್ಟಿತು. 1970ರಲ್ಲಿ ಜಾರಿಗೆ ಬಂತು. 1967ರ ಜನವರಿ 1ರ ಮೊದಲು ಬಾಂಬು ಸಿಡಿಸಿದವರು ಅದನ್ನು ಇಟ್ಟುಕೊಳ್ಳಬಹುದು, ಆ ಮೇಲೆ ಬಂದವರು ಮುಟ್ಟಕೂಡದು ಎಂಬುದೇ ಅದರ ತಿರುಳು. ಹೀಗೆ ಅಮೆರಿಕೆ, ರಷ್ಯ, ಬ್ರಿಟನ್, ಫ್ರಾನ್ಸ್, ಚೀನ ಈ ಐದು ದೇಶಗಳು ಮನೆಯೊಡೆಯರಾದವು, ಉಳಿದ ಲೋಕವೆಲ್ಲ ಬಾಡಿಗೆದಾರನಾಯಿತು. ಒಡೆಯರ ಮೇಲೂ ಒಂದು ಕರಾರು ಇತ್ತು. ಪ್ರಾಮಾಣಿಕವಾಗಿ ಮಾತುಕತೆ ನಡೆಸಿ ತಮ್ಮ ಅಣ್ವಸ್ತ್ರಗಳನ್ನು ಇಲ್ಲವಾಗಿಸುವತ್ತ ನಡೆಯಬೇಕೆಂದು ಒಪ್ಪಂದದ 6ನೆಯ ಕಲಮು ಹೇಳುತ್ತದೆ. ಆ ಸಾಲ ಇನ್ನೂ ತೀರಿಲ್ಲ. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ 2025ರ ಜನವರಿಗೆ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ 12,241 ಅಣುಸಿಡಿತಲೆಗಳಿದ್ದವು. ಹತ್ತರಲ್ಲಿ ಒಂಬತ್ತು ಪಾಲು ಅಮೆರಿಕೆ ಮತ್ತು ರಷ್ಯಗಳವೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬುದು ಇದಕ್ಕೇ.

ಈ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಹಾಕದಿದ್ದುದು ಸರಿಯೇ ಆಯಿತು. ಆದರೆ ನಮ್ಮ ಕೈಯೂ ಪೂರ್ತಿ ತೊಳೆದ ಕೈಯಲ್ಲ ಎಂಬುದನ್ನು ಮುಚ್ಚಿಡಬಾರದು. 1974ರ ಮೇ 18ರಂದು ಪೋಖರಣದಲ್ಲಿ ನಾವು ಮೊದಲ ಸ್ಫೋಟ ನಡೆಸಿದೆವು. ತುಮಕೂರಿನಲ್ಲಿ ಹುಟ್ಟಿದ ನಮ್ಮ ಕನ್ನಡಿಗ ವಿಜ್ಞಾನಿ ರಾಜಾ ರಾಮಣ್ಣನವರು ಅದರ ಮುಂದಾಳು. ಸ್ಫೋಟಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು, ಶಾಂತಿಯ ಕೆಲಸಕ್ಕೆಂದು ಕೆನಡಾ ದೇಶ ಕೊಟ್ಟ ಸ್ಥಾವರದಿಂದ. ಇದು ಶಾಂತಿಯುತ ಸ್ಫೋಟವೆಂದು ನಾವು ಹೇಳಿದೆವು, ಲೋಕ ನಂಬಲಿಲ್ಲ. ಕೆನಡಾ ಸಹಕಾರ ನಿಲ್ಲಿಸಿತು. ನಮ್ಮಂಥವರಿಗೆ ಸಾಮಾನು ಸಿಗಬಾರದೆಂದು ಪರಮಾಣು ಪೂರೈಕೆದಾರರ ಕೂಟ ಹುಟ್ಟಿತು. 1998ರ ಮೇ 11 ಮತ್ತು 13ರಂದು ಮತ್ತೆ ಐದು ಸ್ಫೋಟ ನಡೆಸಿದಾಗ ಅಮೆರಿಕೆ, ಜಪಾನು ಮೊದಲಾದ ದೇಶಗಳು ನಮ್ಮ ಮೇಲೆ ಆರ್ಥಿಕ ನಿರ್ಬಂಧ ಹೇರಿದವು. ಅದೇ ಮೇ ತಿಂಗಳು ಮುಗಿಯುವುದರೊಳಗೆ ಪಾಕಿಸ್ತಾನವೂ ಬಾಂಬು ಸಿಡಿಸಿತು.

ಹತ್ತು ವರ್ಷ ಕಳೆಯಿತು. 2008ರ ಸೆಪ್ಟೆಂಬರಿನಲ್ಲಿ ಅದೇ ಪೂರೈಕೆದಾರರ ಕೂಟ, ಅದೇ ಅಮೆರಿಕೆಯ ಮಾತಿನ ಮೇರೆಗೆ, ನಮಗೊಬ್ಬರಿಗೆ ವಿನಾಯಿತಿ ಕೊಟ್ಟಿತು. ಆ ನಡುವೆ ಆದದ್ದೇನು? ನಾವು ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಬಾಂಬು ಬಿಡಲಿಲ್ಲ. ಅಮೆರಿಕೆಗೆ ನಮ್ಮ ಸಂತೆ ಬೇಕಾಗಿತ್ತು, ಚೀನದ ಎದುರಿಗೆ ಒಬ್ಬ ಜೊತೆಗಾರ ಬೇಕಾಗಿತ್ತು, ಅಷ್ಟೇ.

ಈ ವಿನಾಯಿತಿ ಬಿಟ್ಟಿ ಬರಲಿಲ್ಲ. 2005ರ ಜುಲೈಯಲ್ಲಿ ಅಮೆರಿಕೆಯೊಡನೆ ಮಾತು ಕುದುರಿತು. ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 24ರಂದು, ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ ಇರಾನ್ ತಪ್ಪಿತಸ್ಥನೆಂಬ ಠರಾವು ಮತಕ್ಕೆ ಬಂತು. 22 ದೇಶಗಳು ಪರವಾಗಿ ನಿಂತವು, 12 ದೇಶಗಳು ತಟಸ್ಥವಾದವು, ಒಂದು ದೇಶ ವಿರೋಧಿಸಿತು. ರಷ್ಯ, ಚೀನ, ದಕ್ಷಿಣ ಆಫ್ರಿಕಗಳು ತಟಸ್ಥವಾಗಿದ್ದವು. ಭಾರತ ಮಾತ್ರ ಪರವಾಗಿ ಕೈಯೆತ್ತಿತು. ಏಳು ವರ್ಷಗಳ ಹಿಂದೆ ಯಾವ ಕೋಲಿನಿಂದ ಪೆಟ್ಟು ತಿಂದಿದ್ದೆವೋ ಅದೇ ಕೋಲನ್ನು ಇನ್ನೊಬ್ಬರ ಬೆನ್ನಿಗೆ ಎತ್ತಲು ನಾವು ಕೈ ಕೊಟ್ಟೆವು.

ಇರಾನ್ ಸಾಧು ಎಂದು ನಾವು ಹೇಳುತ್ತಿಲ್ಲ. ಅದು ತಪಾಸಣೆಯ ಕಣ್ಣು ತಪ್ಪಿಸಿ ಸ್ಥಾವರ ಕಟ್ಟಿದ್ದು 2002ರಲ್ಲಿ ಬಯಲಿಗೆ ಬಂತು. ಆದರೆ ಯಾವ ಮದ್ದಿಗೆ ಯಾವ ಫಲ ಎಂಬುದನ್ನು ನೋಡಬೇಡವೇ? 2015ರ ಜುಲೈಯಲ್ಲಿ ಮಾತುಕತೆಯಿಂದ ಒಪ್ಪಂದವಾಯಿತು. ಯುರೇನಿಯಂ ಶುದ್ಧಿಯನ್ನು ನೂರಕ್ಕೆ 3.67ರ ಮಿತಿಯಲ್ಲಿಡಲು ಇರಾನ್ ಒಪ್ಪಿತು. ತಪಾಸಣೆಗಾರರು ಒಳಗೆ ಹೋಗಿ ನೋಡಿ ಬಂದರು. 2018ರ ಮೇ ತಿಂಗಳಲ್ಲಿ ಒಪ್ಪಂದ ಮುರಿದವರು ಅಮೆರಿಕೆಯವರು. ಆ ಮೇಲೆ, 2021ರ ಹೊತ್ತಿಗೆ, ಇರಾನ್ ನೂರಕ್ಕೆ 60ರ ಶುದ್ಧಿಗೆ ಏರಿತು. 2025ರ ಜೂನ್ 13ರಂದು ಇಸ್ರೇಲು, 22ರಂದು ಅಮೆರಿಕೆ ಅಲ್ಲಿನ ಸ್ಥಾವರಗಳ ಮೇಲೆ ಬಾಂಬು ಹಾಕಿದವು. ಇಸ್ರೇಲು ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಯೇ ಇಲ್ಲ. ಅದರ ಬಳಿ ಬಾಂಬು ಇದೆ ಎಂಬುದು ಲೋಕಕ್ಕೆಲ್ಲ ಗೊತ್ತು. ಇದು ಎರಡು ಬಗೆಯ ಕಲ್ಲಲ್ಲದೆ ಮತ್ತೇನು? ಕಬ್ಬಿನ ಕಾಟಾದಲ್ಲಿ ಹೀಗೆ ತೂಗಿದರೆ ರೈತ ಸುಮ್ಮನಿರುತ್ತಾನೆಯೇ?

ಬೇರೆ ಕಡೆಯ ಪಾಠವೂ ಇದೇ. 1981ರಲ್ಲಿ ಇರಾಕಿನ ಸ್ಥಾವರದ ಮೇಲೆ ಇಸ್ರೇಲು ಬಾಂಬು ಹಾಕಿತು. ಇರಾಕು ಕೆಲಸ ಬಿಡಲಿಲ್ಲ, ಗುಟ್ಟಾಗಿ ಮಾಡತೊಡಗಿತು. 2003ರಲ್ಲಿ ಮಹಾವಿನಾಶದ ಅಸ್ತ್ರಗಳಿವೆ ಎಂದು ಹೇಳಿ ಅಮೆರಿಕೆ ಆ ದೇಶವನ್ನೇ ನುಂಗಿತು. ಹುಡುಕಿದರೆ ಅಸ್ತ್ರ ಸಿಗಲಿಲ್ಲ. ಅದೇ ವರ್ಷ ಲಿಬಿಯ ತನ್ನ ಅಣುಯೋಜನೆಯನ್ನು ಕೈಬಿಟ್ಟಿತು. 2011ರಲ್ಲಿ ಪಶ್ಚಿಮದ ವಿಮಾನಗಳು ಅದರ ಮೇಲೆಯೇ ಎರಗಿದವು. ಉತ್ತರ ಕೊರಿಯ 2003ರಲ್ಲಿ ಒಪ್ಪಂದದಿಂದ ಹೊರಬಂದು 2006ರಲ್ಲಿ ಬಾಂಬು ಸಿಡಿಸಿತು. ಅದನ್ನು ಯಾರೂ ಮುಟ್ಟಲಿಲ್ಲ. ಬಾಂಬು ಬಿಟ್ಟವನಿಗೆ ಪೆಟ್ಟು, ಹಿಡಿದವನಿಗೆ ಮರ್ಯಾದೆ ಎಂದು ಸಣ್ಣ ದೇಶಗಳು ಇದರಿಂದ ಕಲಿತರೆ ತಪ್ಪು ಯಾರದು? ಇದ್ದ ಆರು ಬಾಂಬುಗಳನ್ನು ತಾನಾಗಿ ಕಳಚಿಹಾಕಿದ ದೇಶ ಒಂದೇ, ದಕ್ಷಿಣ ಆಫ್ರಿಕ. 1993ರಲ್ಲಿ ಅದು ಲೋಕಕ್ಕೆ ತಿಳಿಯಿತು. ಗಡಿಯ ಯುದ್ಧ ನಿಂತು, ವರ್ಣದ್ವೇಷದ ಆಡಳಿತ ಮುಗಿಯುವ ಹೊತ್ತಿನಲ್ಲಿ ಆದ ಕೆಲಸವದು. ಭಯ ಹೋದಲ್ಲಿ ಬಾಂಬು ಹೋಗುತ್ತದೆ.

“ಚೀನ, ಪಾಕಿಸ್ತಾನಗಳ ಕೈಯಲ್ಲಿ ಬಾಂಬು ಇರುವಾಗ ನಾವು ಕೈಕಟ್ಟಿ ಕೂರಬೇಕೇ?” ಎಂದು ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾಳೆಯೇ ನಮ್ಮ ಬಾಂಬುಗಳನ್ನು ಸಮುದ್ರಕ್ಕೆ ಎಸೆಯಿರೆಂದು ನಾವು ಹೇಳುತ್ತಿಲ್ಲ. ಆದರೆ ಬಾಂಬು ಇದ್ದರೆ ಯುದ್ಧವೇ ಬರುವುದಿಲ್ಲವೆಂದು 1998ರಲ್ಲಿ ಹೇಳಿದ್ದರು. 1999ರಲ್ಲಿ ಕಾರ್ಗಿಲ್ ಬಂತು, ಐನೂರಕ್ಕೂ ಹೆಚ್ಚು ನಮ್ಮ ಯೋಧರು ಮಡಿದರು. ಇನ್ನೊಂದು ಕಡೆ, 1988ರಲ್ಲಿ ಭಾರತ ಪಾಕಿಸ್ತಾನಗಳು ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಒಪ್ಪಂದ ಮಾಡಿಕೊಂಡವು. 1992ರಿಂದ ಜನವರಿ 1ರಂದು ಸ್ಥಾವರಗಳ ಪಟ್ಟಿ ಕೈ ಬದಲಾಗುತ್ತ ಬಂದಿದೆ. ಕಾರ್ಗಿಲ್ ನಂತರವೂ ಅದು ನಿಲ್ಲಲಿಲ್ಲ. ಬದ್ಧ ವೈರಿಗಳ ನಡುವೆಯೂ ಮಾತು ನಿಲ್ಲುತ್ತದೆ ಎಂಬುದಕ್ಕೆ ನಮ್ಮ ಮನೆಯ ಸಾಕ್ಷಿ ಇದು.

ಸ್ಥಾವರಗಳ ಮೇಲೆ ಬಾಂಬು ಹಾಕಬಾರದೆಂದು ಸ್ವತಃ ಬರೆದುಕೊಟ್ಟ ದೇಶ, 2025ರ ಜೂನ್‌ನಲ್ಲಿ ಏನು ಹೇಳಿತು? ಇಸ್ರೇಲಿನ ದಾಳಿಯನ್ನು ಖಂಡಿಸಿದ ಶಾಂಘೈ ಸಹಕಾರ ಸಂಘಟನೆಯ ಹೇಳಿಕೆಯಿಂದ ದೂರ ಸರಿಯಿತು. ಮುಂದಿನ ತಿಂಗಳು ಬ್ರಿಕ್ಸ್ ಕೂಟದ ಹೇಳಿಕೆಯಲ್ಲಿ, ಮಾಡಿದವರ ಹೆಸರೆತ್ತದೆ, ಖಂಡನೆಗೆ ಸಹಿ ಹಾಕಿತು. ಒಂದು ತಿಂಗಳಲ್ಲಿ ಎರಡು ನಾಲಗೆ. ಇಂಥ ವ್ಯಾಪಾರಿಯನ್ನು ಗಂಜಿನಲ್ಲಿ ಯಾರು ನಂಬುತ್ತಾರೆ?

ಕನ್ನಡ ನಾಡಿಗೂ ಇದರಲ್ಲಿ ಪಾಲಿದೆ. ಅಮೆರಿಕೆಯ ಒಪ್ಪಂದದಂತೆ ನಮ್ಮ ಸ್ಥಾವರಗಳನ್ನು ಎರಡು ಭಾಗ ಮಾಡಿದಾಗ, ಕಾಳಿ ನದಿಯ ದಡದ ಕೈಗಾದ ನಾಲ್ಕೂ ಘಟಕಗಳನ್ನು ಅಂತರರಾಷ್ಟ್ರೀಯ ತಪಾಸಣೆಯ ಹೊರಗಿಟ್ಟರು. ಹೊರದೇಶದ ಯುರೇನಿಯಂ ತಪಾಸಣೆಯೊಳಗಿನ ಸ್ಥಾವರಗಳಿಗೆ ಮಾತ್ರ. ಹೊರಗಿನವಕ್ಕೂ ಬಾಂಬಿಗೂ ನಮ್ಮ ನೆಲದ್ದೇ ಬೇಕು. ನಮ್ಮ ನೆರೆಯ ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ಗೋಗಿಯಲ್ಲಿ ಯುರೇನಿಯಂ ಅದಿರು ಸಿಕ್ಕಿದೆ. ಗಣಿ ಬಂದರೆ ಬಾವಿಯ ನೀರಿನ ಗತಿ ಏನೆಂದು ಅಲ್ಲಿನ ಜನ ಕೇಳಿದ್ದಾರೆ. ವಿಯೆನ್ನಾದಲ್ಲಿ ಎತ್ತಿದ ಕೈ ಗೋಗಿಯ ಹೊಲದವರೆಗೆ ಚಾಚುತ್ತದೆ.

ಹಾಗಾದರೆ ನಮ್ಮ ಬೇಡಿಕೆ ಏನು? ನಾಲ್ಕು ಮಾತು.

ಮೊದಲನೆಯದು, ವಿಶ್ವಸಂಸ್ಥೆ ಹೇರದ, ಒಂದೇ ದೇಶ ಹೇರಿದ ದಿಗ್ಬಂಧನಕ್ಕೆ ಭಾರತ ಕಿವಿಗೊಡಕೂಡದು. ಯಾರಲ್ಲಿ ಎಣ್ಣೆ ಕೊಳ್ಳಬೇಕೆಂಬುದನ್ನು ನಮ್ಮ ಪಾರ್ಲಿಮೆಂಟು ನಿರ್ಧರಿಸಲಿ.

ಎರಡನೆಯದು, ಅಣುಸ್ಥಾವರಗಳ ಮೇಲೆ ದಾಳಿ ಕೂಡದೆಂಬ ನಮ್ಮ 1988ರ ಒಪ್ಪಂದವನ್ನು ಎಲ್ಲ ದೇಶಗಳಿಗೂ ಅನ್ವಯಿಸುವ ಕಾನೂನಾಗಿ ಮಾಡಬೇಕೆಂದು ಭಾರತ ವಿಶ್ವಸಂಸ್ಥೆಯಲ್ಲಿ ಮಂಡಿಸಲಿ.

ಮೂರನೆಯದು, ತಾನು ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂದು ಚೀನ 1964ರಲ್ಲಿ ಹೇಳಿದೆ. ನಾವು 2003ರಲ್ಲಿ ಅದನ್ನು ನೀತಿಯಾಗಿ ಒಪ್ಪಿದ್ದೇವೆ. ಬಾಯಿಮಾತನ್ನು ಇಬ್ಬರೂ ಕಾಗದದ ಮೇಲೆ ಇಳಿಸಲಿ. ಪಾಕಿಸ್ತಾನವನ್ನೂ ಕರೆಯಲಿ.

ನಾಲ್ಕನೆಯದು, 2017ರಲ್ಲಿ 122 ದೇಶಗಳು ಸೇರಿ ಅಣ್ವಸ್ತ್ರವನ್ನೇ ನಿಷೇಧಿಸುವ ಹೊಸ ಒಪ್ಪಂದ ಮಾಡಿದವು. 2021ರ ಜನವರಿಯಲ್ಲಿ ಅದು ಜಾರಿಗೆ ಬಂತು. ಇಲ್ಲಿ ಒಡೆಯನಿಗೂ ಬಾಡಿಗೆದಾರನಿಗೂ ಒಂದೇ ಕಲ್ಲು. ಭಾರತ ಆ ಮಾತುಕತೆಗೆ ಹೋಗಲೇ ಇಲ್ಲ. ಅಮೆರಿಕೆಯ ಕೊಡೆಯಡಿ ಇರುವ ಜರ್ಮನಿ, ನಾರ್ವೆಗಳೇ 2022ರಲ್ಲಿ ಅದರ ಸಭೆಗೆ ವೀಕ್ಷಕರಾಗಿ ಹೋಗಿ ಕೂತವು. ಹೋಗಿ ಕೂರಲು ನಮಗೇನು ಅಡ್ಡಿ?

1954ರಲ್ಲಿ, ನಮ್ಮಲ್ಲಿ ಬಾಂಬು ಇಲ್ಲದ ಕಾಲದಲ್ಲಿ, ಅಣುಪರೀಕ್ಷೆಗಳನ್ನು ನಿಲ್ಲಿಸಿರೆಂದು ನೆಹರೂ ಲೋಕವನ್ನು ಕೇಳಿದರು, ಲೋಕ ಕಿವಿಗೊಟ್ಟಿತು. 2025ರಲ್ಲಿ ನಮ್ಮಲ್ಲಿ 180 ಸಿಡಿತಲೆಗಳಿವೆ ಎಂದು ಅಂದಾಜಾಯಿತು. ನಮ್ಮ ಮಾತಿನ ತೂಕ ಹೆಚ್ಚಿದೆಯೇ, ಕಡಿಮೆಯಾಗಿದೆಯೇ ಎಂಬುದನ್ನು ಓದುಗರೇ ಹೇಳಲಿ.

ಗಿರಣಿಯ ಬಂಧುಗಳೇ, ಅಂಗಡಿಯ ಮಿತ್ರರೇ, ಮತ ಕೇಳಲು ಬರುವವರನ್ನು ರಸ್ತೆ, ನೀರು, ಮಜೂರಿಯ ಬಗ್ಗೆ ಕೇಳುವುದು ಸರಿ. ಜೊತೆಗೆ ಇದನ್ನೂ ಕೇಳಿರಿ: ವಿಯೆನ್ನಾದಲ್ಲಿ ನಮ್ಮ ಹೆಸರಿನಲ್ಲಿ ಕೈಯೆತ್ತುವ ಮೊದಲು ನಮ್ಮನ್ನು ಏಕೆ ಕೇಳಲಿಲ್ಲ? ಪಾರ್ಲಿಮೆಂಟಿನಲ್ಲಿ ಇದರ ಚರ್ಚೆ ಎಂದು?