ಕಾಗೆ ಕೊಕ್ಕಿನ ಇಕ್ಕಳ: ಹೆಸರು ಒಂದೇ, ಕೆಲಸವೂ ಒಂದೇನಾ?

'ರಕ್ತನಾಳ ಹಿಡಿಯುವ ಇಕ್ಕಳವನ್ನು ಯುರೋಪಿನವರು ಸುಶ್ರುತನಿಂದ ಕದ್ದರು' ಎಂದು ಯಾರಾದರೂ ಎರಡು ಚಿತ್ರ ಜೋಡಿಸಿ ಕಳಿಸಿದರೆ ನಂಬುವುದು ಸುಲಭ. ಎರಡರ ಹೆಸರಿನಲ್ಲೂ ಕಾಗೆ ಇದೆ. ಆದರೆ ಕೆಲಸ ಬೇರೆ.

ಸುಶ್ರುತ ಸಂಹಿತೆಯ ಸ್ವಸ್ತಿಕ ಯಂತ್ರಗಳಿಗೆ ಸಿಂಹ, ಹುಲಿ, ಕಾಗೆ ಮುಂತಾದವುಗಳ ಮುಖದ ಆಕಾರವಿದೆ. ಉದ್ದ 18 ಅಂಗುಲ. ಇವು ಮೂಳೆಯಲ್ಲಿ ಸಿಕ್ಕಿಕೊಂಡ ಬಾಣದ ಮೊನೆಯಂಥದ್ದನ್ನು ಕೀಳಲು. ರಕ್ತ ನಿಲ್ಲಿಸಲು ಅದೇ ಗ್ರಂಥ ನಾಲ್ಕು ದಾರಿ ಹೇಳುತ್ತದೆ. ಬೇರೆ ಯಾವುದೂ ಫಲಿಸದಿದ್ದರೆ ಕೊನೆಗೆ ದಹನ, ಅಂದರೆ ಸುಡುವುದು.

16ನೇ ಶತಮಾನದ ಫ್ರಾನ್ಸಿನಲ್ಲೂ ಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣವೇ ಗತಿ. ಅರಿವಳಿಕೆ ಇಲ್ಲದ ಕಾಲ ಅದು, ಊಹಿಸಿಕೊಳ್ಳಿ. ಕ್ಷೌರಿಕ ವೃತ್ತಿಯಿಂದ ಬಂದು ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಆಂಬ್ರೊಯಿಸ್ ಪಾರೆ, 1552ರ ದಾಂವಿಲಿಯೆ ಮುತ್ತಿಗೆಯಲ್ಲಿ ಗುಂಡೇಟು ತಿಂದವನೊಬ್ಬನ ಕಾಲು ತೆಗೆದಾಗ ಸುಡಲಿಲ್ಲ. ರಕ್ತನಾಳಗಳನ್ನು ದಾರದಿಂದ ಕಟ್ಟಿದ. ಕತ್ತರಿಸಿದ ನಾಳ ಮಾಂಸದೊಳಕ್ಕೆ ಸರಿದುಬಿಡುತ್ತದೆ. ಅದನ್ನು ಹಿಡಿದು ಹೊರಗೆಳೆಯಲು ಅವನು ಬಳಸಿದ್ದೇ ಕಾಗೆ ಕೊಕ್ಕಿನ ಇಕ್ಕಳ. ನಾಳ ಕಟ್ಟುವುದು ತನ್ನ ಶೋಧ ಎಂದೇನೂ ಅವನು ಹೇಳಲಿಲ್ಲ, ಗ್ಯಾಲೆನ್‌ನಂಥ ಹಳಬರ ಹೆಸರು ಹೇಳಿದ.

ಹಾಗಿದ್ದರೂ ಕಾದ ಕಬ್ಬಿಣ ಕೂಡಲೇ ಮರೆಯಾಗಲಿಲ್ಲ. ತೊಡೆ ಕತ್ತರಿಸುವಾಗ ಒಂದೊಂದೇ ನಾಳ ಹುಡುಕಿ ಕಟ್ಟುವಷ್ಟರಲ್ಲಿ ರಕ್ತ ಹರಿದುಹೋಗುತ್ತಿತ್ತು. 1718ರಲ್ಲಿ ಪೆಟಿಟ್ ತಿರುಪಿನ ಪಟ್ಟಿ ತಂದ ಮೇಲೆ ಕೈಗೆ ಸಮಯ ಸಿಕ್ಕಿತು. 19ನೇ ಶತಮಾನದಲ್ಲಿ ಪಿಯಾನ್, ಸ್ಪೆನ್ಸರ್ ವೆಲ್ಸ್ ಮುಂತಾದವರು ಇಕ್ಕಳದ ಹಿಡಿಗೆ ಹಲ್ಲಿನ ಬೀಗ ಕೂಡಿಸಿದರು. ಒತ್ತಿದರೆ ತಾನೇ ಹಿಡಿದುಕೊಂಡಿರುತ್ತದೆ, ವೈದ್ಯರು ಕೈ ಬಿಡಬಹುದು. ಇಂದಿನ ಆರ್ಟರಿ ಫೋರ್ಸೆಪ್ಸ್ ಅದರದೇ ವಂಶ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆ ಎಂದರೆ, ಗಾಯಕ್ಕೆ ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತುವ ಸಲಹೆ ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇಕ್ಕಳ ಮಾಡುವುದು ನಾಳವನ್ನು ಒತ್ತಿ ಮುಚ್ಚುವ ಕೆಲಸ. ನಿಮ್ಮ ಅಂಗೈಯೂ ಅದನ್ನು ಮಾಡಬಲ್ಲದು. ಪುಡಿ ಗಾಯವನ್ನು ಕೊಳೆ ಮಾಡುತ್ತದೆ, ಆಮೇಲೆ ವೈದ್ಯರು ಅದನ್ನೆಲ್ಲ ತೊಳೆಯಬೇಕು. ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಚಾಕು, ಗಾಜು ಚುಚ್ಚಿಕೊಂಡಿದ್ದರೆ ಕೀಳದೆ ಅದರ ಅಕ್ಕಪಕ್ಕ ಒತ್ತಿ. ರಕ್ತ ಚಿಮ್ಮುತ್ತಿದ್ದರೆ ಒಬ್ಬರು ಒತ್ತುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.