ಜಾಗ ನೋಡೋಕೆ ಜುಲೈನಲ್ಲಿ ಹೋಗಿ

ಮಡಿಕೇರಿ ಹತ್ತಿರ ಎರಡು ಎಕರೆ, ಬಾವಿ, ತರಕಾರಿ, ಸೋಲಾರ್. ಯಾರ ಹಂಗೂ ಇಲ್ಲದ ಬದುಕು ನಮ್ಮಿಬ್ಬರ ಕನಸು. ಜನವರಿಯಲ್ಲಿ ನೋಡಿದ ಜಾಗ ಸ್ವರ್ಗದ ಹಾಗಿತ್ತು. ಮನೆಗೆ ಅಂತ ಬ್ರೋಕರ್ ತೋರಿಸಿದ ಸಮತಟ್ಟು ಮಾತ್ರ ಗುಡ್ಡ ಕಡಿದು ಮಾಡಿದ್ದು. ಬುಡ ಕಡಿದ ಇಳಿಜಾರು ನೀರು ಕುಡಿದ ಮಣ್ಣಿನ ಭಾರ ತಡೆಯಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದು ನೆನಪಿದೆಯಲ್ಲ?

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ 'ಭೂಕೋಶ್' ತಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ನೋಡಿದೆ. ಆದರೆ 1:50,000 ಅಳತೆಯಲ್ಲಿ ಎರಡು ಎಕರೆ ಅಂದ್ರೆ ಎರಡು ಮಿಲಿಮೀಟರ್ ಚುಕ್ಕಿ! ಅದಕ್ಕೇ ಪಕ್ಕದ ತೋಟದವರನ್ನ ಕೇಳಿದೆ: "ಅಜ್ಜ, ಆ ವರ್ಷ ಇಲ್ಲಿ ನೀರು ಎಲ್ಲಿಂದ ಇಳೀತು?" ಅವರು ಮಾತಾಡದೆ ಆ ಸಮತಟ್ಟಿನ ಕಡೆಗೇ ಕೈ ತೋರಿಸಿದರು.

ಅಡ್ವಾನ್ಸ್ ಕೊಟ್ಟಿಲ್ಲ. ಜುಲೈ ಮಳೆಯಲ್ಲಿ ಇನ್ನೊಂದು ಜಾಗ ನೋಡೋಕೆ ಹೋಗ್ತಿದ್ದೀವಿ.