ಕಾಯಿದೆಯು ಹಟ್ಟಿಯ ಬಾಗಿಲಿಗೆ ಬರಲಿ

ಮನೆಯೊಳಗಣ ಹಿಂಸೆಯಿಂದ ಸ್ತ್ರೀಯರನ್ನು ಕಾಪಾಡುವುದಕ್ಕಾಗಿ 2005ರಲ್ಲಿ ಆದ ಕಾಯಿದೆಯು 2006ನೆಯ ಇಸವಿಯ ಅಕ್ಟೋಬರ್ 26ರಿಂದ ಜಾರಿಯಲ್ಲಿರುವುದು. ಹೊಡೆತವು ಮಾತ್ರವೇ ಅಲ್ಲ, ಹೀನವಾದ ಬೈಗುಳವೂ ಅನ್ನಕ್ಕೆ ಹಣಕೊಡದಿರುವುದೂ ಅದರಂತೆ ಹಿಂಸೆಯೇ. ಅರ್ಜಿಯು ತಲಪಿದ 3 ದಿವಸಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆಯಾಗಬೇಕು. 60 ದಿವಸಗಳಲ್ಲಿ ತೀರಿಸಲು ಮ್ಯಾಜಿಸ್ಟ್ರೇಟರು ಯತ್ನಿಸಬೇಕು. ಇದಕ್ಕಿಂತ ಉತ್ತಮವಾದ ನಿಯಮವನ್ನು ಯಾರು ಬಯಸಿಯಾರು?

ಆದರೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನ ಅಂಚಿನಲ್ಲಿ ಪೆಟ್ಟುತಿಂದ ಹೆಂಗಸು ಆ ಅರ್ಜಿಯನ್ನು ಬರೆಯಿಸುವುದೆಲ್ಲಿ? ಪಟ್ಟಣಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು. ಬಸ್ಸಿನ ಹಣವು ಹೊಡೆದವನ ಕೈಯಲ್ಲಿಯೇ ಇರುವುದು. ಆಕೆಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ನಮ್ಮ ನಾಡಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಹೊರಿಸಲಾಗಿದೆ. ಅಂಗನವಾಡಿಗಳ ಭಾರವನ್ನು ಹೊತ್ತವರು ಹಟ್ಟಿಹಟ್ಟಿಗೆ ಬರುವುದೆಂತು?

ಆದಕಾರಣ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಈ ಕೆಲಸಕ್ಕಾಗಿಯೇ ಒಬ್ಬೊಬ್ಬ ಅಧಿಕಾರಿಣಿಯನ್ನು ನೇಮಿಸಬೇಕೆಂದೂ, ಆಕೆ ಗೊತ್ತಾದ ದಿನದಲ್ಲಿ ಹಳ್ಳಿಗಳಿಗೆ ಬಂದು ಅಲ್ಲಿಯೇ ದೂರನ್ನು ಬರೆದುಕೊಳ್ಳಬೇಕೆಂದೂ ನಾವು ಸರ್ಕಾರದವರನ್ನು ಬೇಡುತ್ತೇವೆ. 181 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಿಸಲಿ. ಓದುಬಲ್ಲ ಹುಡುಗಿಯರು ಓದಲಾರದ ತಾಯಂದಿರಿಗೆ ಅದನ್ನು ಬಾಯಿಪಾಠ ಮಾಡಿಸಲಿ. ವಿಮಾನಗಳ ಪರೀಕ್ಷೆಗಾಗಿ 2017ರಲ್ಲಿ ಈ ಬಯಲಿನಲ್ಲಿ ನೆಲೆಯನ್ನು ತೆರೆದ ಸರ್ಕಾರಕ್ಕೆ, ಅದೇ ಬಯಲಿನ ಬಡವೆಯ ಬಾಗಿಲು ದೂರವಾಗಲಾರದು.